ಸಿಕ್ಲಿಡ್ ಮರಿಗಳಿಗೆ ಎಷ್ಟು ಹಾಕಬೇಕು, ಎಲ್ಲಿ ನಿಲ್ಲಿಸಬೇಕು

ಜಗಲಿಯ ಲೈಟು ಹಾಕಿದರೆ ಸಾಕು, ನಮ್ಮ ಮನೆಯ ಟ್ಯಾಂಕಿನ ಐದೂ ಆಸ್ಕರ್ ಮರಿಗಳು, ಸಿಕ್ಲಿಡ್ ಕುಟುಂಬದ ಸಾಕುಮೀನು ಇವು, ಗಾಜಿಗೆ ಮೂತಿ ಒತ್ತಿ ನಿಲ್ಲುತ್ತವೆ. ಬಾಲ ಕುಣಿಸುತ್ತವೆ, ಒಂದನ್ನೊಂದು ತಳ್ಳುತ್ತವೆ. ನೋಡಿದವರಿಗೆ ಮೂರು ದಿನದಿಂದ ಏನೂ ತಿಂದಿಲ್ಲ ಅನ್ನಿಸುತ್ತದೆ. ನಿಜ ಏನೆಂದರೆ ಅವುಗಳ ಊಟ ಆಗಿ ಇಪ್ಪತ್ತು ನಿಮಿಷ ಕೂಡ ಆಗಿರುವುದಿಲ್ಲ. ಬಂದ ನೆಂಟರು ಸುಮ್ನಿರುವುದಿಲ್ಲ. "ಅಯ್ಯೋ ಪಾಪ, ಹಸ್ದಿದ್ಯಲ್ಲ, ಒಂದು ಚೂರು ಹಾಕಿ ಮಾರಾಯ್ರೆ" ಎನ್ನುತ್ತಾರೆ. ನಾನು ಡಬ್ಬವನ್ನು ಕಪಾಟಿನ ಮೇಲಿಟ್ಟು ಚಹಾ ಮಾಡಲು ಹೋಗುತ್ತೇನೆ.

ಈ ಗಟ್ಟಿತನ ಮೊದಲಿನಿಂದ ಇರಲಿಲ್ಲ. ನಾನು ಮೊದಲ ಸಲ ತಂದದ್ದು ಹನ್ನೆರಡು ಏಂಜಲ್ ಮರಿ. ಕೇಳಿದಾಗೆಲ್ಲ ಹಾಕುತ್ತಿದ್ದೆ, ದಿನಕ್ಕೆ ಆರು ಸಲವಾದರೂ ಆಗುತ್ತಿತ್ತು. ನೀರು ಬದಲಿಸುತ್ತಿದ್ದದ್ದು ಮಾತ್ರ ಭಾನುವಾರಕ್ಕೊಮ್ಮೆ. ಮೂರನೇ ವಾರದಲ್ಲಿ ಒಂಬತ್ತು ಮರಿ ಹೋದವು. ಕೊನೆಯ ದಿನದವರೆಗೂ ಅವು ಕೇಳುತ್ತಲೇ ಇದ್ದವು, ಅದಕ್ಕೇ ನನಗೆ ಏನೂ ಗೊತ್ತಾಗಲಿಲ್ಲ.

ಹೊಳೆಯಲ್ಲಿ ಬದುಕುವ ಮೀನಿಗೆ ಮುಂದಿನ ತುತ್ತು ಯಾವಾಗ ಎಂದು ಗೊತ್ತಿರುವುದಿಲ್ಲ. ಸಿಕ್ಕಿದಾಗ ತಿನ್ನಬೇಕು, ಇಲ್ಲದಿದ್ದರೆ ಪಕ್ಕದ ಮೀನು ತಿನ್ನುತ್ತದೆ. ಅದರ ಮೇಲೆ ಸಿಕ್ಲಿಡ್ ಬಹಳ ಚುರುಕು. ಯಾವ ಆಕಾರ ಬಂದರೆ ಊಟ ಬೀಳುತ್ತದೆ ಎಂದು ಒಂದೆರಡು ವಾರದಲ್ಲಿ ಕಲಿತುಬಿಡುತ್ತದೆ. ಹಾಗಾಗಿ ಅದು ಕೇಳುವುದಕ್ಕೂ ಅದರ ಹಸಿವಿಗೂ ಹೆಚ್ಚು ಸಂಬಂಧ ಇಲ್ಲ. ಬಾಯಿ ನೋಡಿ ಹಾಕಬೇಡಿ, ಹೊಟ್ಟೆ ನೋಡಿ ಹಾಕಿ. ಕೆಳಗೆ ಬರೆದದ್ದೆಲ್ಲ ಇದೊಂದು ಮಾತನ್ನು ದಿನದಿನ ಹೇಗೆ ಮಾಡುವುದು ಎಂಬುದರ ಬಗ್ಗೆಯೇ.

ಮೊದಲು: ನಿಮ್ಮದು ಯಾವ ಮೀನು?

ಸಿಕ್ಲಿಡ್ ಎಂದರೆ ಒಂದು ಮೀನಲ್ಲ, ದೊಡ್ಡ ಕುಟುಂಬ. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವ ಏಂಜಲ್, ಆಸ್ಕರ್, ಡಿಸ್ಕಸ್, ಪ್ಯಾರಟ್, ಫ್ಲವರ್ ಹಾರ್ನ್, 'ಆಫ್ರಿಕನ್ ಮಿಕ್ಸ್' ಎಂದು ಮಾರುವ ಬಣ್ಣಬಣ್ಣದ ಮರಿಗಳು, ಎಲ್ಲವೂ ಇದೇ ಕುಟುಂಬದವು. ಸಂತೆಯಲ್ಲಿ ಜಿಲೇಬಿ ಮೀನು ಎಂದು ಸಿಗುವ ತಿಲಾಪಿಯಾ ಕೂಡ. ಕೇರಳದವರ ಕರಿಮೀನು, ಗೋವಾದವರ ಕಲುಂದರ್ ಕೂಡ ಸಿಕ್ಲಿಡ್ಡೇ. ಭಾರತದ್ದೇ ಆದ ಸಿಕ್ಲಿಡ್ ಇರುವುದು ಮೂರು ಜಾತಿ. ಅದರಲ್ಲಿ ಒಂದಕ್ಕೆ ಕೆನರಾ ಹೆಸರಿಂದಲೇ 'ಕೆನರೆನ್ಸಿಸ್' ಎಂದು ಹೆಸರು. ಅದು ದಕ್ಷಿಣ ಕನ್ನಡದ ಹೊಳೆಗಳ ಮೀನು.

ಊಟದ ಲೆಕ್ಕಕ್ಕೆ ಇವನ್ನು ಎರಡು ಗುಂಪು ಮಾಡಿಕೊಳ್ಳಿ. ಆಸ್ಕರ್, ಏಂಜಲ್, ಫ್ಲವರ್ ಹಾರ್ನ್ ಮರಿಗಳು ಹುಳು, ಸೀಗಡಿಯಂಥವನ್ನು ತಿಂದು ಬೆಳೆಯುವವು. ಇವಕ್ಕೆ ಪ್ರೋಟೀನ್ ಜಾಸ್ತಿ ಬೇಕು. ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಇರುವ ಎಂಬುನಾ ಜಾತಿಯವುಗಳಲ್ಲಿ ಬಹಳಷ್ಟು ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುತ್ತವೆ. ಇವುಗಳ ಕರುಳು ಉದ್ದ, ಜೀರ್ಣ ನಿಧಾನ. ಇವಕ್ಕೆ ದಿನವೂ ಮಾಂಸದ ತುಂಡು, ರಕ್ತಹುಳು ಹಾಕಿದರೆ ಹೊಟ್ಟೆ ಉಬ್ಬಿ ಸಾಯುತ್ತವೆ. ಸಾಕುವವರು ಇದಕ್ಕೆ 'ಮಲಾವಿ ಬ್ಲೋಟ್' ಎನ್ನುತ್ತಾರೆ. ಇವಕ್ಕೆ ಸ್ಪಿರುಲಿನಾ ಎಂಬ ಪಾಚಿ ಇರುವ ಸಣ್ಣ ಪೆಲೆಟ್, ಅಂದರೆ ಕಾಳಿನಂಥ ಒಣ ಊಟ, ಸರಿ. ಮಿಕ್ಸ್ ಎಂದು ಕೊಂಡಿದ್ದರೆ, ಜಾತಿ ಗೊತ್ತಿಲ್ಲದಿದ್ದರೆ, ಸೊಪ್ಪಿನ ಕಡೆಗೇ ವಾಲಿಕೊಳ್ಳಿ. ಮಾಂಸ ತಿನ್ನುವ ಮೀನಿಗೆ ಸೊಪ್ಪಿನ ಅಂಶ ಸ್ವಲ್ಪ ಜಾಸ್ತಿಯಾದರೆ ಬೆಳವಣಿಗೆ ನಿಧಾನ ಆಗಬಹುದು, ಅಷ್ಟೇ. ಪಾಚಿ ತಿನ್ನುವ ಮೀನಿಗೆ ಮಾಂಸ ಜಾಸ್ತಿಯಾದರೆ ಜೀವಕ್ಕೇ ಅಪಾಯ.

ಊಟಕ್ಕಿಂತ ಮುಂಚೆ ನೀರು

ಮರಿ ತಿಂದದ್ದು, ತಿನ್ನದೆ ಬಿಟ್ಟದ್ದು, ಎರಡೂ ಕೊನೆಗೆ ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ವಿಷ. ಹೊಸ ಫಿಲ್ಟರಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನನ್ನ ಏಂಜಲ್ ಮರಿಗಳು ಸತ್ತದ್ದು ಇಲ್ಲಿಯೇ: ಹೊಸ ಟ್ಯಾಂಕ್, ಹೊಸ ಫಿಲ್ಟರ್, ದಿನಕ್ಕೆ ಆರು ಹೊತ್ತು ಊಟ. ಒಂದು ಟೆಸ್ಟ್ ಕಿಟ್ ತಂದಿಟ್ಟುಕೊಳ್ಳಿ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಆ ದಿನ ಊಟ ಇಲ್ಲ, ನೀರು ಬದಲಾವಣೆ ಮಾತ್ರ.

ನಮ್ಮ ಕಾರವಾರದ ಕಡೆಯ ಕರಾವಳಿಯಲ್ಲಿ ಚಿರೆಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿಯ ಕಡೆಗೆ ಇರುತ್ತದೆ. ಏಂಜಲ್, ಆಸ್ಕರ್‌ಗೆ ಇದು ಒಳ್ಳೆಯದೇ. ಆಫ್ರಿಕನ್ ಮರಿಗಳಿಗೆ ಮಾತ್ರ ಗಡಸು ನೀರು ಬೇಕು, ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ತೋರಿಸುವ ಅಳತೆ) 7.8ಕ್ಕಿಂತ ಮೇಲಿದ್ದರೆ ಸರಿ. ಅದಕ್ಕೆ ದುಬಾರಿ ಪುಡಿ ಬೇಕಿಲ್ಲ. ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪಿ ಇದೆಯಲ್ಲ, ಅದನ್ನು ಚೆನ್ನಾಗಿ ತೊಳೆದು, ಕುದಿಸಿ, ಬಿಸಿಲಲ್ಲಿ ಒಣಗಿಸಿ ಒಂದು ಬಲೆ ಚೀಲದಲ್ಲಿ ಫಿಲ್ಟರಿನೊಳಗೆ ಇಡಿ. ಚಿಪ್ಪಿಯ ಸುಣ್ಣ ನಿಧಾನಕ್ಕೆ ಕರಗುತ್ತದೆ. ಸಮುದ್ರದ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ, ಆ ನೀರನ್ನು ಬಾಯಿಗೆ ಹಾಕಿ ನೋಡದೆ ಟ್ಯಾಂಕಿಗೆ ಹಾಕಬೇಡಿ. ನಲ್ಲಿ ನೀರಾದರೆ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಏರ್ ಪಂಪ್ ಹಾಕಿಟ್ಟು ಕ್ಲೋರಿನ್ ಹೋಗಲು ಬಿಡಿ.

ಇನ್ನು ಬಿಸಿ. ಮೀನಿನ ಮೈಬಿಸಿ ಎಂದರೆ ನೀರಿನ ಬಿಸಿಯೇ. ಹೆಚ್ಚಿನ ಸಿಕ್ಲಿಡ್ ಮರಿಗಳು 26ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿ ತಿಂದು ಜೀರ್ಣಿಸುತ್ತವೆ. ಡಿಸ್ಕಸ್‌ಗೆ ಇನ್ನೆರಡು ಡಿಗ್ರಿ ಜಾಸ್ತಿ ಬೇಕು. 24ಕ್ಕಿಂತ ಕೆಳಗೆ ಹೋದರೆ ಹೊಟ್ಟೆಯ ಕೆಲಸವೇ ನಿಧಾನ. ಕಾರವಾರದಲ್ಲಿ ಸಮುದ್ರ ಪಕ್ಕದಲ್ಲೇ ಇರುವುದರಿಂದ ಈ ತೊಂದರೆ ಕಡಿಮೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಹೀಟರ್ ಇಲ್ಲದೆ ಮರಿ ಸಾಕುವುದು ಕಷ್ಟ. ಒಂದು ಲೀಟರಿಗೆ ಒಂದು ವಾಟ್ ಲೆಕ್ಕ ಹಿಡಿದು ಹೀಟರ್ ಕೊಳ್ಳಿ. ಘಟ್ಟದ ಕೆಳಗಿನ ನಮ್ಮ ತೊಂದರೆ ಏಪ್ರಿಲ್, ಮೇ ತಿಂಗಳದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು 7.5 ಮಾತ್ರ. ಊಟ ಜೀರ್ಣಿಸುವುದಕ್ಕೂ ಆಮ್ಲಜನಕ ಬೇಕು. ಹಾಗಾಗಿ ಸೆಕೆಯ ಮಧ್ಯಾಹ್ನ ಹೊಟ್ಟೆ ತುಂಬ ಹಾಕಬೇಡಿ. ಬೆಳಿಗ್ಗೆ, ಸಂಜೆ ಹಾಕಿ, ಏರ್ ಪಂಪ್ ನಿಲ್ಲಿಸಬೇಡಿ.

ಮೊಟ್ಟೆಯಿಂದ ಹೊರಬಂದ ಮರಿಗೆ

ನಿಮ್ಮ ಟ್ಯಾಂಕಿನಲ್ಲೇ ಏಂಜಲ್ ಮೊಟ್ಟೆ ಇಟ್ಟಿದೆ ಎಂದುಕೊಳ್ಳಿ. ಎರಡು-ಮೂರು ದಿನಕ್ಕೆ ಒಡೆಯುತ್ತವೆ. ಆಮೇಲೂ ನಾಲ್ಕೈದು ದಿನ ಮರಿಗಳು ಎಲೆಗೆ ಅಂಟಿಕೊಂಡು ಬಾಲ ನಡುಗಿಸುತ್ತಿರುತ್ತವೆ. ಈ ದಿನಗಳಲ್ಲಿ ಊಟ ಹಾಕಲೇಬಾರದು. ಹೊಟ್ಟೆಯಡಿ ಮೊಟ್ಟೆಯ ಹಳದಿ ಭಾಗ ಇನ್ನೂ ಇರುತ್ತದೆ, ಅದೇ ಅವುಗಳ ಬುತ್ತಿ. ಬಾಯಿಯೂ ಪೂರ್ತಿ ತಯಾರಾಗಿರುವುದಿಲ್ಲ. ಗುಂಪಾಗಿ ನೀರಿನ ನಡುವೆ ಈಜಲು ಶುರು ಮಾಡಿದ ದಿನ ಮೊದಲ ತುತ್ತು. ಆ ದಿನ ತಪ್ಪಿಸಬೇಡಿ. ಈಜಲು ಶುರು ಮಾಡಿ ಎರಡು ದಿನ ಖಾಲಿ ಹೊಟ್ಟೆಯಲ್ಲಿ ಕಳೆದ ಮರಿಗಳಲ್ಲಿ ಬಹಳಷ್ಟು ಚೇತರಿಸಿಕೊಳ್ಳುವುದಿಲ್ಲ.

ಏನು ಹಾಕುವುದು? ನನ್ನ ಉತ್ತರ ಒಂದೇ: ಆಗಷ್ಟೇ ಒಡೆದ ಆರ್ಟೀಮಿಯಾ ಮರಿ, ಅಂದರೆ ಬ್ರೈನ್ ಶ್ರಿಂಪ್ ಎಂಬ ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕುವವರಿದ್ದಾರೆ. ನಾನೂ ಮಾಡಿ ನೋಡಿದ್ದೇನೆ. ಕಾಲು ಚಮಚ ಹಳದಿ ರಾತ್ರಿಯೊಳಗೆ ಇಡೀ ಟ್ಯಾಂಕನ್ನು ಮಜ್ಜಿಗೆ ಮಾಡಿತು. ಆರ್ಟೀಮಿಯಾದ ಗುಣ ಬೇರೆ. ಅದು ಜೀವಂತ ಇರುತ್ತದೆ, ನೀರಲ್ಲಿ ಮಿಡುಕುತ್ತದೆ. ಮಿಡುಕಿದ್ದನ್ನು ಕಂಡರೆ ಸಿಕ್ಲಿಡ್ ಮರಿ ಬಿಡುವುದಿಲ್ಲ.

ಮಾಡುವುದು ಹೀಗೆ. ಎರಡು ಲೀಟರಿನ ಖಾಲಿ ನೀರಿನ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿ ಮಾಡಿ ತಲೆಕೆಳಗಾಗಿ ನಿಲ್ಲಿಸಿ. ಕ್ಲೋರಿನ್ ಇಲ್ಲದ ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಸರಿ. ನಾನು ಸಾಣಿಕಟ್ಟಾದ ಉಪ್ಪನ್ನೇ ಹಾಕುತ್ತೇನೆ, ಇದುವರೆಗೆ ಕೈಕೊಟ್ಟಿಲ್ಲ. ಕಡಲ ನೀರೇ ತಂದರಾಗದೇ ಎಂದು ಕೇಳುವವರಿಗೆ: ಬೇಸಿಗೆಯಲ್ಲಿ ಆಗುತ್ತದೆ. ಮಳೆಗಾಲದಲ್ಲಿ ಕಾಳಿ ಹೊಳೆ ಬಂದು ಸೇರುವ ಜಾಗದ ನೀರು ಸಪ್ಪೆಯಾಗಿರುತ್ತದೆ, ಅದು ಬೇಡ. ನಮ್ಮ ಮೆದು ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ. ಆಮೇಲೆ ಅರ್ಧ ಟೀ ಚಮಚ ಆರ್ಟೀಮಿಯಾ ಮೊಟ್ಟೆ. ಏರ್ ಪಂಪಿನ ನಳಿಗೆಯನ್ನು ಬಾಟಲಿಯ ಕೆಳತುದಿಯವರೆಗೆ ಇಳಿಸಿ, ಜೋರಾಗಿ ಗುಳ್ಳೆ ಬಿಡಿ. ತುದಿಗೆ ಗಾಳಿಕಲ್ಲು ಬೇಡ, ದೊಡ್ಡ ಗುಳ್ಳೆಯೇ ಬೇಕು. ಪಕ್ಕದಲ್ಲಿ ಒಂದು ಬಲ್ಬು ಉರಿಯಲಿ. 28 ಡಿಗ್ರಿ ಇದ್ದರೆ 24 ಗಂಟೆಯಲ್ಲಿ ಒಡೆಯುತ್ತವೆ. ಜುಲೈ ತಿಂಗಳ ತಂಪಿನಲ್ಲಿ 36 ಗಂಟೆ ತೆಗೆದುಕೊಂಡದ್ದೂ ಇದೆ.

ತೆಗೆಯುವಾಗ ಅವಸರ ಬೇಡ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಕಂದು ಸಿಪ್ಪೆಗಳು ಮೇಲೆ ತೇಲುತ್ತವೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ಅವು ಬೆಳಕಿನ ಕಡೆ ಹೋಗುವ ಜೀವಿ, ಹಾಗಾಗಿ ಕೆಳಗೊಂದು ಟಾರ್ಚು ಹಿಡಿದರೆ ಇನ್ನೂ ಚೆನ್ನಾಗಿ ಒಟ್ಟಾಗುತ್ತವೆ. ಸಣ್ಣ ನಳಿಗೆಯಿಂದ ಆ ಕಿತ್ತಳೆ ಭಾಗವನ್ನಷ್ಟೇ ಎಳೆದು, ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಸಿಪ್ಪೆ ಮರಿಯ ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳುತ್ತದೆ. ಒಡೆದ ಮೊದಲ ಕೆಲವು ಗಂಟೆಗಳಲ್ಲೇ ಅದರಲ್ಲಿ ಸತ್ವ ಜಾಸ್ತಿ. ದಿನ ಕಳೆದಂತೆ ತನ್ನ ಬುತ್ತಿಯನ್ನು ತಾನೇ ಖರ್ಚು ಮಾಡಿಕೊಳ್ಳುತ್ತದೆ. ಹಾಗಾಗಿ ಎರಡು ಬಾಟಲಿ ಇಟ್ಟುಕೊಂಡು ಒಂದು ದಿನ ಒಂದು, ಮರುದಿನ ಇನ್ನೊಂದು ಎಂದು ನಡೆಸಿ.

ಹೊಟ್ಟೆ ನೋಡಿ ಹಾಕಿ ಎಂದೆನಲ್ಲ, ಅದನ್ನು ಕಲಿಯಲು ಇದಕ್ಕಿಂತ ಸುಲಭದ ಪಾಠ ಇಲ್ಲ. ಆರ್ಟೀಮಿಯಾ ತಿಂದ ಮರಿಯ ಹೊಟ್ಟೆ ಹೊರಗಿನಿಂದಲೇ ಕಿತ್ತಳೆಯಾಗಿ ಕಾಣುತ್ತದೆ. ಹಾಕಿ ಐದು ನಿಮಿಷಕ್ಕೆ ಕೈಯಲ್ಲಿ ಟಾರ್ಚು ಹಿಡಿದು ಎಣಿಸಿ. ನೂರರಲ್ಲಿ ತೊಂಬತ್ತಕ್ಕೆ ಕಿತ್ತಳೆ ಹೊಟ್ಟೆ ಇದ್ದರೆ ಸಾಕು. ಮೂರು-ನಾಲ್ಕು ಗಂಟೆ ಬಿಟ್ಟು ನೋಡಿದರೆ ಬಣ್ಣ ಮಾಸಿರುತ್ತದೆ, ಆಗ ಮತ್ತೆ ಹಾಕಿ. ದಿನಕ್ಕೆ ನಾಲ್ಕರಿಂದ ಆರು ಸಲ, ಒಂದೊಂದು ಸಲವೂ ಚಿಟಿಕೆಯಷ್ಟು. ತಿನ್ನದೆ ಉಳಿದ ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವೇ ಗಂಟೆ ಬದುಕುತ್ತದೆ, ಆಮೇಲೆ ತಳದಲ್ಲಿ ಕೊಳೆಯುತ್ತದೆ. ರಾತ್ರಿ ಮಲಗುವ ಮುಂಚೆ ಏರ್ ಪಂಪಿನ ತೆಳು ನಳಿಗೆಯಿಂದ ತಳದ ಕಸ ಎಳೆಯಿರಿ. ಬಿಳಿ ಬಕೆಟ್ಟಿಗೇ ಎಳೆಯಿರಿ, ಜೊತೆಗೆ ಬಂದ ಮರಿ ಕಾಣುತ್ತದೆ, ಚಮಚದಲ್ಲಿ ಹಿಡಿದು ವಾಪಸ್ ಬಿಡಬಹುದು. ನೂರರಲ್ಲಿ ಹತ್ತರಿಂದ ಇಪ್ಪತ್ತು ಭಾಗ ನೀರು ದಿನವೂ ಬದಲಾಗಲಿ.

ತಂದೆತಾಯಿ ಜೊತೆಗಿದ್ದರೆ ಅವನ್ನೂ ಸ್ವಲ್ಪ ನೋಡಿ, ಚೆಂದ ಇರುತ್ತದೆ. ಡಿಸ್ಕಸ್ ಮರಿಗಳು ಮೊದಲ ದಿನಗಳಲ್ಲಿ ತಂದೆತಾಯಿಯ ಮೈಮೇಲಿನ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಅವನ್ನು ಬೇಗ ಬೇರೆ ಮಾಡಿದರೆ ಉಳಿಸುವುದು ಬಹಳ ಕಷ್ಟ. ನಮ್ಮ ಹಿನ್ನೀರಿನ ಸಣ್ಣ ಕಿತ್ತಳೆ ಬಣ್ಣದ ಕ್ರೋಮೈಡ್ ಮರಿಗಳೂ ಹಾಗೇ ದೊಡ್ಡವುಗಳ ಮೈ ಕುಟುಕುತ್ತವೆ. ಕನ್ವಿಕ್ಟ್ ಸಿಕ್ಲಿಡ್ ತಾಯಿ ರೆಕ್ಕೆಯಿಂದ ಮರಳು ಕೆದಕಿ, ಎಲೆ ಎತ್ತಿ ಮರಿಗಳಿಗೆ ತೋರಿಸುತ್ತದೆ. ಆಫ್ರಿಕಾದ ಎಂಬುನಾ ತಾಯಿ ಮೊಟ್ಟೆ, ಮರಿ ಎಲ್ಲವನ್ನೂ ಬಾಯಲ್ಲೇ ಸುಮಾರು ಮೂರು ವಾರ ಇಟ್ಟುಕೊಳ್ಳುತ್ತದೆ. ಅದು ಹೊರಗೆ ಬಿಡುವಾಗ ಮರಿ ಸಾಕಷ್ಟು ದೊಡ್ಡದಿರುತ್ತದೆ, ಪುಡಿ ಮಾಡಿದ ಫ್ಲೇಕ್ (ತೆಳು ಚಕ್ಕೆಯಂಥ ಒಣ ಊಟ) ಕೂಡ ತಿನ್ನುತ್ತದೆ.

ಅಂಗಡಿಯಿಂದ ತಂದ ಮರಿಗೆ

ಹೆಚ್ಚಿನವರು ಶುರು ಮಾಡುವುದು ಇಲ್ಲಿಂದಲೇ. ಎರಡು-ಮೂರು ಸೆಂಟಿಮೀಟರಿನ ಮರಿ, ಪ್ಲಾಸ್ಟಿಕ್ ಚೀಲ, ಬಸ್ಸಿನ ಕುಲುಕಾಟ. ಮನೆಗೆ ತಂದ ದಿನ ಏನೂ ಹಾಕಬೇಡಿ. ಮರುದಿನ ಬೆಳಿಗ್ಗೆ ನಾಲ್ಕು ಕಾಳು ಹಾಕಿ ನೋಡಿ. ತಿಂದರೆ ಸರಿ. ಉಗುಳಿದರೆ ತೆಗೆದು ಹಾಕಿ, ಸಂಜೆ ಮತ್ತೆ ನೋಡಿ. ಎರಡು-ಮೂರು ದಿನ ತಿನ್ನದಿದ್ದರೆ ಗಾಬರಿ ಬೇಡ. ಕೊಳ್ಳುವಾಗಲೇ ಅಂಗಡಿಯವರಲ್ಲಿ ಎರಡು ಕಾಳು ಹಾಕಿ ತೋರಿಸಿ ಎನ್ನಿ. ಎಲ್ಲ ಮರಿ ಓಡಿ ಬರುವಾಗ ಮೂಲೆಯಲ್ಲೇ ನಿಂತದ್ದನ್ನು ಕೊಳ್ಳಬೇಡಿ, ಬಣ್ಣ ಎಷ್ಟೇ ಚೆನ್ನಾಗಿರಲಿ.

ಮೂರು ಸೆಂಟಿಮೀಟರಿನವರೆಗೆ ದಿನಕ್ಕೆ ಮೂರು-ನಾಲ್ಕು ಸಲ. ಐದು ಸೆಂಟಿಮೀಟರ್ ಆದಮೇಲೆ ಮೂರು ಸಲ. ಎಂಟು ದಾಟಿದರೆ ಎರಡು ಸಲ ಸಾಕು. ಐದು ದಾಟಿದ ಮರಿಗಳಿಗೆ ವಾರಕ್ಕೊಂದು ದಿನ ಉಪವಾಸ. ನಮ್ಮ ಮನೆಯಲ್ಲಿ ಸೋಮವಾರ ಮೀನು ಮಾಡುವುದಿಲ್ಲ, ಹಾಗಾಗಿ ಟ್ಯಾಂಕಿಗೂ ಸೋಮವಾರವೇ. ನೆನಪಿಡಲು ಸುಲಭ.

ಪೆಲೆಟ್ ಕೊಳ್ಳುವಾಗ ಚಿತ್ರ ನೋಡಬೇಡಿ, ಹಿಂದಿನ ಅಕ್ಷರ ಓದಿ. ಮಾಂಸ ತಿನ್ನುವ ಜಾತಿಯ ಮರಿಗಾದರೆ ಪ್ರೋಟೀನ್ ನಲವತ್ತು ಶೇಕಡಾಕ್ಕಿಂತ ಮೇಲಿರಲಿ, ಮೊದಲ ಹೆಸರು ಮೀನಿನದ್ದೋ ಸೀಗಡಿಯದ್ದೋ ಆಗಿರಲಿ. ಗೋಧಿ ಹಿಟ್ಟೇ ಮೊದಲಿದ್ದರೆ ನೀವು ಬಿಸ್ಕತ್ತು ಕೊಂಡ ಹಾಗೆ. ಕಾಳಿನ ಗಾತ್ರ ಮರಿಯ ಕಣ್ಣಿಗಿಂತ ದೊಡ್ಡದಿರಬಾರದು. ಸಣ್ಣ ಮರಿಗೆ ದೊಡ್ಡ ಕಾಳು ಹಾಕಿದರೆ ಬಾಯಲ್ಲಿ ಹಾಕುತ್ತದೆ, ಉಗುಳುತ್ತದೆ, ಮತ್ತೆ ಹಾಕುತ್ತದೆ, ಅಷ್ಟರಲ್ಲಿ ಅರ್ಧ ಕಾಳು ಪುಡಿಯಾಗಿ ನೀರಿಗೆ. ಬೆರಳಲ್ಲಿ ಒತ್ತಿ ಒಡೆದು ಹಾಕಿ.

ಒಂದು ಹೊತ್ತಿನ ಊಟ

ಬೆಳಿಗ್ಗೆ ಟ್ಯಾಂಕಿನ ಲೈಟು ಹಾಕಿದ ಕೂಡಲೇ ಊಟ ಬೇಡ. ಅರ್ಧ ಗಂಟೆ ಬಿಡಿ, ಮೀನು ಪೂರ್ತಿ ಎಚ್ಚರಾಗಲಿ. ಮೊದಲು ಹೊಟ್ಟೆ ನೋಡಿ. ಪಕ್ಕದಿಂದ ನೋಡಿದರೆ ಗಂಟಲಿನಿಂದ ಹೊಟ್ಟೆಯ ಕೊನೆಯವರೆಗಿನ ಗೆರೆ ನೇರ ಇದ್ದರೆ ಖಾಲಿ, ಒಳಗೆ ಬಾಗಿದ್ದರೆ ತುಂಬ ಹಸಿದಿದೆ, ಸ್ವಲ್ಪ ಹೊರಗೆ ಉಬ್ಬಿದ್ದರೆ ಹಿಂದಿನ ಊಟ ಇನ್ನೂ ಇದೆ. ಹಿಂದಿನ ಊಟ ಇದ್ದರೆ ಆ ಹೊತ್ತು ಬಿಟ್ಟುಬಿಡಿ.

ಫಿಲ್ಟರಿನ ನೀರಿನ ರಭಸ ಜೋರಿದ್ದರೆ ಊಟದ ಹೊತ್ತಿಗೆ ನಿಲ್ಲಿಸಿ, ಇಲ್ಲದಿದ್ದರೆ ಕಾಳೆಲ್ಲ ಅದರೊಳಗೇ ಹೋಗುತ್ತದೆ. ಮತ್ತೆ ಹಾಕಲು ಮರೆಯಬೇಡಿ. ನಾನು ಎರಡು ಸಲ ಮರೆತಿದ್ದೇನೆ. ಈಗ ಮೀನಿನ ಡಬ್ಬವನ್ನು ಸ್ವಿಚ್ಚಿನ ಮುಂದೆಯೇ ಇಡುತ್ತೇನೆ, ಸ್ವಿಚ್ ಹಾಕದೆ ಡಬ್ಬ ಕಪಾಟಿಗೆ ಹೋಗುವ ಹಾಗಿಲ್ಲ.

ಬೊಗಸೆ ಲೆಕ್ಕ ಬೇಡ. ಒಂದು ಮರಿಗೆ ಒಂದೊಂದು ಕಾಳು ಎಂದು ಹಾಕಿ. ತಿಂದು ಮುಗಿಸಿದ ಮೇಲೆ ಇನ್ನೊಂದು ಸುತ್ತು. ಮೊದಲ ಸುತ್ತಿನಲ್ಲಿ ಮೈಮೇಲೆ ಬಿದ್ದು ಬರುತ್ತವೆ. ಮೂರು ನಾಲ್ಕನೇ ಸುತ್ತಿಗೆ ಒಂದೆರಡು ಮರಿ ಕಾಳನ್ನು ನೋಡಿ, ತಿರುಗಿ, ಮತ್ತೆ ಬಂದು ತೆಗೆದುಕೊಳ್ಳುತ್ತವೆ. ಆ ತಿರುಗಾಟ ಕಂಡಲ್ಲಿ ನಿಲ್ಲಿಸಿ. ಒಟ್ಟು ಎರಡು ನಿಮಿಷ ಮೀರಬಾರದು. ಅದಾದ ಮೇಲೂ ಗಾಜಿಗೆ ಬಂದು ಕುಣಿಯುತ್ತವೆ. ಕುಣಿಯಲಿ.

ಇನ್ನೊಂದು ತೊಂದರೆ ದಾದಾಗಿರಿಯದ್ದು. ಎಂಟು ಮರಿಯಲ್ಲಿ ಒಂದು ದೊಡ್ಡಣ್ಣ ಆಗಿಯೇ ಆಗುತ್ತದೆ. ಊಟ ಬೀಳುವ ಜಾಗದ ಕೆಳಗೇ ನಿಂತು ಬೇರೆಯವರನ್ನು ಅಟ್ಟುತ್ತದೆ. ಅದು ದಪ್ಪ ಆಗುತ್ತದೆ, ದಪ್ಪ ಆದಷ್ಟೂ ಅಟ್ಟುತ್ತದೆ. ಒಂದು ತಿಂಗಳಲ್ಲಿ ಒಂದೇ ಸಂಸಾರದ ಮರಿಗಳು ಒಂದು ಹೆಬ್ಬೆರಳಷ್ಟು, ಇನ್ನೊಂದು ಕಿರುಬೆರಳಷ್ಟು. ಅದಕ್ಕೆ ಎರಡೂ ತುದಿಯಲ್ಲಿ ಒಟ್ಟಿಗೆ ಹಾಕಿ. ದೊಡ್ಡಣ್ಣ ಒಂದು ಕಡೆ ಮಾತ್ರ ಇರಲು ಸಾಧ್ಯ. ಮುಳುಗುವ ಕಾಳು ಸ್ವಲ್ಪ, ತೇಲುವ ಕಾಳು ಸ್ವಲ್ಪ ಬೆರೆಸಿದರೂ ಆಗುತ್ತದೆ. ಆದರೂ ವ್ಯತ್ಯಾಸ ಹೆಚ್ಚಿದರೆ ಗಾತ್ರ ನೋಡಿ ಬೇರೆ ಟ್ಯಾಂಕಿಗೆ ಹಾಕಿ. ತಡ ಮಾಡಿದರೆ ಆಸ್ಕರ್ ಸಣ್ಣದನ್ನೇ ಊಟ ಮಾಡಿಬಿಡುತ್ತದೆ.

ಸೀಗಡಿ, ಬಟಾಣಿ ಮತ್ತು ಫ್ರಿಜ್ಜಿನ ಜಗಳ

ಕಾರವಾರದಲ್ಲಿದ್ದುಕೊಂಡು ಪೆಲೆಟ್ ಒಂದನ್ನೇ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಬೈತಕೋಲ ಬಂದರಿನಿಂದ ಬರುವ ಸಣ್ಣ ಸೀಗಡಿ ಇದೆ. ತಲೆ, ಸಿಪ್ಪೆ, ಬೆನ್ನಿನ ಕಪ್ಪು ದಾರ ತೆಗೆದು, ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ, ಅಕ್ಕಿಕಾಳಿನಷ್ಟು ಕತ್ತರಿಸಿ. ಅದ್ದಬೇಕು ಯಾಕೆಂದರೆ, ಹಸಿ ಸೀಗಡಿಯಲ್ಲಿಯೂ ಕೆಲವು ಮೀನುಗಳಲ್ಲಿಯೂ ಬಿ1 ವಿಟಮಿನ್ ಒಡೆಯುವ ಒಂದು ಅಂಶ ಇರುತ್ತದೆ. ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಮೀನು ಸೊರಗುತ್ತದೆ. ಬಿಸಿಗೆ ಆ ಅಂಶ ಹೋಗುತ್ತದೆ. ವಾರಕ್ಕೆ ಎರಡು ಸಲ ಸಾಕು. ಒಣ ಸೀಗಡಿಯಲ್ಲಿ ಉಪ್ಪು ಜಾಸ್ತಿ ಇರುತ್ತದೆ, ಅದು ಬೇಡ. ಕುರಿ, ದನದ ಮಾಂಸವೂ ಬೇಡ. ಆ ಕೊಬ್ಬು ಮೀನಿನ ಹೊಟ್ಟೆಗೆ ಒಗ್ಗುವುದಿಲ್ಲ.

ನಾನು ತಿಂಗಳಿಗೊಮ್ಮೆ ಒಂದು ಹದ ಮಾಡಿಡುತ್ತೇನೆ. ಅದ್ದಿದ ಸೀಗಡಿ ಎರಡು ಪಾಲು, ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ ಒಂದು ಪಾಲು, ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್ ಒಂದು ಹಿಡಿ, ಒಂದು ಎಸಳು ಬೆಳ್ಳುಳ್ಳಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಚೈನಾ ಗ್ರಾಸ್ ಕಾಯಿಸಿ ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ಹರಡಿ ಫ್ರೀಜರಿನಲ್ಲಿಡಿ. ಬೇಕಾದಾಗ ಚಾಕಲೇಟ್ ಮುರಿದ ಹಾಗೆ ಮುರಿದುಕೊಳ್ಳಬಹುದು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ, ಸೀಗಡಿ ರೇಟು ಏರುತ್ತದೆ. ಮೇ ಕೊನೆಯಲ್ಲೇ ಮಾಡಿಟ್ಟರೆ ಜಾಣತನ. ಎಂಬುನಾ ಮರಿಗಳಿಗೆ ಈ ಲೆಕ್ಕ ತಿರುಗಿಸಿ: ಬಟಾಣಿ, ಪಾಲಕ್ ಜಾಸ್ತಿ, ಸೀಗಡಿ ನಾಮಕಾವಸ್ತೆ.

ಶಿರಸಿಯ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಫೋನಿನಲ್ಲೇ ನಕ್ಕ. "ಮಾರಾಯಾ, ನಮ್ಮನೆ ಫ್ರಿಜ್ಜಲ್ಲಿ ಸೀಗಡಿ ಇಟ್ರೆ ನಾ ಎಲ್ಲಿ ಮನಗೂದು?" ಮಾತು ಖರೆ. ಸಸ್ಯಾಹಾರಿ ಮನೆಗಳಲ್ಲಿ ಮೀನು ಸಾಕುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ. ಅವರಿಗೆ ಒಳ್ಳೆಯ ಪೆಲೆಟ್, ಬಟಾಣಿ ಮತ್ತು ಮೊಯಿನಾ ಸಾಕು. ಮೊಯಿನಾ ಎಂದರೆ ನೀರಿನಲ್ಲಿ ಪುಟಿಯುವ ಸಣ್ಣ ಚುಕ್ಕಿಯಂಥ ಜೀವಿ. ಹಿತ್ತಿಲಲ್ಲಿ ಒಂದು ಟಬ್ಬಿನಲ್ಲಿ ಪಾಚಿಗಟ್ಟಿದ ಹಸಿರು ನೀರು ಮಾಡಿ ಸಾಕಬಹುದು. ಟಬ್ಬಿನ ಮೇಲೆ ಸೊಳ್ಳೆಪರದೆಯ ಬಟ್ಟೆ ಬಿಗಿಯಾಗಿ ಕಟ್ಟಲೇಬೇಕು. ಸೊಳ್ಳೆ ಮರಿಯೂ ಮೀನಿಗೆ ಒಳ್ಳೆಯ ಊಟವೇ, ಸುಳ್ಳಲ್ಲ. ಆದರೆ ಹಿಡಿಯಲು ಮರೆತ ನಾಲ್ಕು ಮರಿ ಸೊಳ್ಳೆಯಾಗಿ ಹಾರಿದರೆ ಡೆಂಗಿ ಬರುವುದು ಮನೆಯವರಿಗೆ. ಗಟಾರದಿಂದ ತೆಗೆದು ಮಾರುವ ಜೀವಂತ ಟ್ಯೂಬಿಫೆಕ್ಸ್ ಹುಳು ಬೇಡವೇ ಬೇಡ, ಅದರ ಜೊತೆ ರೋಗವೂ ಬರುತ್ತದೆ.

ಮಳೆಗಾಲದ ಡಬ್ಬ

ನಮ್ಮ ಮಳೆಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಪೆಲೆಟ್ ಬಿಡುತ್ತದೆಯೇ? ಬೂಷ್ಟು ಬಂದ ಊಟದ ವಿಷ ಮೀನಿನ ಯಕೃತ್ತನ್ನೇ ಹಾಳು ಮಾಡುತ್ತದೆ. ಮೇಲಿನ ಬೂಷ್ಟು ಕೆರೆದು ಉಳಿದದ್ದು ಹಾಕುವ ಉಳಿತಾಯ ಬೇಡ. ಒಂದು ಕಿಲೋ ಪ್ಯಾಕೆಟ್ ಅಗ್ಗ ಎಂದು ಕೊಳ್ಳಬೇಡಿ, ನೂರು ಗ್ರಾಂ ಸಾಕು. ಹದಿನೈದು ದಿನಕ್ಕೆ ಬೇಕಾದಷ್ಟನ್ನು ಬಿಗಿ ಮುಚ್ಚಳದ ಸಣ್ಣ ಗಾಜಿನ ಬಾಟಲಿಗೆ ಹಾಕಿ. ಉಳಿದದ್ದನ್ನು ಗಾಳಿ ಹೋಗದಂತೆ ಕಟ್ಟಿ ಫ್ರಿಜ್ಜಿನಲ್ಲಿಡಿ. ಪ್ಯಾಕೆಟ್ ಒಡೆದ ಮೇಲೆ ಅದರಲ್ಲಿನ ವಿಟಮಿನ್ ಸಿ ಬೇಗ ಕಡಿಮೆಯಾಗುತ್ತದೆ, ಮೂರು ತಿಂಗಳಿಗಿಂತ ಹಳೆಯದನ್ನು ನಾನು ಹಾಕುವುದಿಲ್ಲ. ಒದ್ದೆ ಕೈ ಡಬ್ಬದೊಳಗೆ ಹೋಗಬಾರದು, ಒಂದು ಚಮಚ ಇಟ್ಟುಕೊಳ್ಳಿ.

ಗಾಳಿಮಳೆಗೆ ಕರೆಂಟು ಹೋದರೆ ಮೊದಲು ನಿಲ್ಲಿಸಬೇಕಾದದ್ದು ಊಟ. ಪಂಪ್ ಇಲ್ಲದ ಟ್ಯಾಂಕಿನಲ್ಲಿ ಹೊಟ್ಟೆ ತುಂಬಿದ ಮೀನಿಗೆ ಖಾಲಿ ಹೊಟ್ಟೆಯ ಮೀನಿಗಿಂತ ಬೇಗ ಉಸಿರು ಕಟ್ಟುತ್ತದೆ. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಂಡಿರಿ.

ತಿನ್ನುವುದು ಬಿಟ್ಟಾಗ

ಸದಾ ಕೇಳುವ ಮೀನು ಕೇಳುವುದು ಬಿಟ್ಟರೆ ಅದು ಸುದ್ದಿ. ಮೊದಲು ಊಟ ಬದಲಿಸಲು ಹೋಗಬೇಡಿ, ನೀರು ಪರೀಕ್ಷೆ ಮಾಡಿ. ಹತ್ತರಲ್ಲಿ ಏಳು ಸಲ ಅಲ್ಲೇ ಕಾರಣ ಸಿಕ್ಕಿದೆ ನನಗೆ. ಆಮೇಲೆ ಥರ್ಮಾಮೀಟರ್. ಆಮೇಲೆ ಯಾರಾದರೂ ಅಟ್ಟುತ್ತಿದ್ದಾರೆಯೇ ಎಂದು ದೂರ ಕೂತು ನೋಡಿ. ಆಸ್ಕರ್ ಆದರೆ ಕಲ್ಲು ಜರುಗಿಸಿದ್ದಕ್ಕೂ ಮುನಿಸಿಕೊಂಡು ಒಂದು ವಾರ ತಿನ್ನದೆ ಇದ್ದದ್ದುಂಟು. ಎಂಬುನಾ ಹೆಣ್ಣು ತಿನ್ನುತ್ತಿಲ್ಲ, ಗಲ್ಲದ ಕೆಳಗೆ ಉಬ್ಬಿದೆ ಎಂದರೆ ಬಾಯಲ್ಲಿ ಮೊಟ್ಟೆ ಇದೆ. ಸುಮ್ನೆ ಬಿಡಿ.

ಮಲ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹಾಕಿದ ಕಾಳಿನ ಬಣ್ಣದ, ಬೇಗ ಕಡಿದು ಬೀಳುವ ಮಲ ಸರಿ. ಬಿಳಿ, ದಾರದಂತೆ ಉದ್ದ ಜೋತಾಡುತ್ತಿದ್ದರೆ, ಜೊತೆಗೆ ಹೊಟ್ಟೆ ಒಳಗೆ ಹೋಗುತ್ತಿದ್ದರೆ, ಕರುಳಿನಲ್ಲಿ ಪರಾವಲಂಬಿ ಜೀವಿ ಇರಬಹುದು. ಹೊಟ್ಟೆಯ ರೋಗದ ಔಷಧ ಊಟದಲ್ಲಿ ಬೆರೆಸಿ ಕೊಟ್ಟರೇ ಚೆನ್ನಾಗಿ ತಲುಪುತ್ತದೆ. ಪೂರ್ತಿ ತಿನ್ನುವುದು ಬಿಟ್ಟ ಮೇಲೆ ಆ ದಾರಿಯೂ ಮುಚ್ಚುತ್ತದೆ. ಹಾಗಾಗಿ ಅರ್ಧ ತಿಂದು ಅರ್ಧ ಬಿಡುವ ದಿನವೇ ಮೀನಿನ ರೋಗ ತಿಳಿದವರನ್ನು ಕೇಳಿ. ಬರೀ ಮಲ ಕಟ್ಟಿ ಹೊಟ್ಟೆ ಊದಿದ್ದರೆ ಎರಡು ದಿನ ಉಪವಾಸ, ಮೂರನೇ ದಿನ ಸಿಪ್ಪೆ ತೆಗೆದ ಬಟಾಣಿಯ ಚೂರು. ಹೆಚ್ಚಿನವು ಸರಿಯಾಗುತ್ತವೆ. ಹೊಟ್ಟೆ ಊದಿ ಮೈಯ ಹುರುಪೆಗಳೆಲ್ಲ ಸೆಟೆದು ನಿಂತಿದ್ದರೆ ಬಟಾಣಿಯಿಂದ ಆಗುವುದಿಲ್ಲ.

ಊರಿಗೆ ಹೋಗುವಾಗ

ಒಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಗೆ ನಾಲ್ಕು ದಿನ ಹೋಗಿದ್ದೆ. ಪಕ್ಕದ ಮನೆಯ ಹುಡುಗನಿಗೆ ಡಬ್ಬ ಕೊಟ್ಟು "ಸ್ವಲ್ಪ ಸ್ವಲ್ಪ ಹಾಕು" ಎಂದಿದ್ದೆ. ಮೀನು ಕೇಳಿದವು, ಅವನು ಹಾಕಿದ. ವಾಪಸ್ ಬಂದಾಗ ಡಬ್ಬ ಖಾಲಿ, ಗಾಜಿನ ಆಚೆ ಏನೂ ಕಾಣುತ್ತಿರಲಿಲ್ಲ. ಅವನ ತಪ್ಪೇನಿಲ್ಲ. ಸ್ವಲ್ಪ ಎಂದರೆ ಎಷ್ಟು ಎಂದು ನಾನು ಹೇಳಿರಲಿಲ್ಲ.

ಐದು ಸೆಂಟಿಮೀಟರ್ ದಾಟಿದ, ಚೆನ್ನಾಗಿ ಬೆಳೆದ ಮರಿ ಮೂರು-ನಾಲ್ಕು ದಿನ ಊಟ ಇಲ್ಲದೆ ಆರಾಮ ಇರುತ್ತದೆ. ಯಾರಿಗೂ ಹೇಳದೆ ಹೋಗಿ. ಹೋಗುವ ಹಿಂದಿನ ದಿನ ಜಾಸ್ತಿ ಹಾಕುವುದೂ ಬೇಡ, ನೀರು ಬದಲಿಸಿದರೆ ಸಾಕು. ಅದಕ್ಕಿಂತ ಸಣ್ಣ ಮರಿ ಇದ್ದರೆ, ಅಥವಾ ವಾರಗಟ್ಟಲೆ ಹೋಗುವುದಿದ್ದರೆ, ಕಾಗದದಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಕಟ್ಟಿ ಮೇಲೆ ವಾರದ ಹೆಸರು ಬರೆದಿಡಿ. ಡಬ್ಬವನ್ನು ಮಾತ್ರ ಒಳಗೆ ಬೀಗ ಹಾಕಿ. ಈಜಲು ಶುರು ಮಾಡಿ ಎರಡು ವಾರ ಆಗದ ಮರಿಗಳಿದ್ದರೆ ಜಾತ್ರೆ ಬಿಡುವುದೇ ಸರಿ.

ಹೀಗೆಲ್ಲ ಮಾಡಿದರೆ ಮರಿಗಳು ಬೆಳೆಯುತ್ತವೆ, ಅದೂ ಒಂದು ತೊಂದರೆಯೇ. ಆಸ್ಕರ್ ಸರಿಯಾದ ಊಟದಲ್ಲಿ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಎರಡು-ಎರಡೂವರೆ ಸೆಂಟಿಮೀಟರ್ ಬೆಳೆದು, ಕೊನೆಗೆ ಮೂವತ್ತು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಎರಡು ಅಡಿಯ ಟ್ಯಾಂಕು ಆಗ ಸಾಲುವುದಿಲ್ಲ. ಜಾಗ ಇಲ್ಲದಿದ್ದರೆ ಅಂಗಡಿಗೆ ವಾಪಸ್ ಕೊಡಿ, ಸಾಕುವ ಬೇರೆಯವರಿಗೆ ಕೊಡಿ. ಕಾಳಿ ಹೊಳೆಗೋ ಊರ ಕೆರೆಗೋ ಬಿಡಬೇಡಿ. 1952ರಲ್ಲಿ ಹೊರಗಿನಿಂದ ಭಾರತಕ್ಕೆ ತಂದ ತಿಲಾಪಿಯಾ ಇವತ್ತು ಎಷ್ಟೋ ಕೆರೆಗಳಲ್ಲಿ ಊರಿನ ಮೀನಿಗೆ ಜಾಗ ಬಿಟ್ಟಿಲ್ಲ. ಅದೂ ಸಿಕ್ಲಿಡ್ಡೇ. ನನ್ನ ಎಂಟು ಆಸ್ಕರ್‌ಗಳಲ್ಲಿ ಮೂರನ್ನು ಕಳೆದ ತಿಂಗಳು ಅಂಕೋಲಾದ ಒಬ್ಬರು ಬಂದು ಒಯ್ದರು. ಚೀಲದೊಳಗಿನಿಂದಲೇ ಅವರ ಬೆರಳಿಗೆ ಮೂತಿ ಒತ್ತಿ ಊಟ ಕೇಳುತ್ತಿದ್ದವು. ಬಸ್ಸಿಳಿದು ಮನೆ ಮುಟ್ಟಿದ ದಿನ ಏನೂ ಹಾಕಬೇಡಿ ಎಂದು ಅವರಿಗೆ ಎರಡು ಸಲ ಹೇಳಿ ಕಳಿಸಿದೆ.